ರತ್ನಕ್ಕನ ನೈರಾ, ಪೌಂಡು

ರತ್ನಕ್ಕನಿಗೆ ಇಸವಿಗಳು ನೆನಪಿರುತ್ತಿರಲಿಲ್ಲ, ದರ ನೆನಪಿರುತ್ತಿತ್ತು. ಮದುವೆ ಯಾವಾಗ ಆಯಿತು ಎಂದು ಕೇಳಿದರೆ, "ಆಗ ನೈರಾ ಗಟ್ಟಿ ಇತ್ತು. ಒಂದು ನೈರಾ, ಮೇಲೆ ಸ್ವಲ್ಪ ಚಿಲ್ಲರೆ ಕೊಟ್ರೆ ಒಂದು ಪೌಂಡು," ಎನ್ನುತ್ತಿದ್ದರು. ಮಗಳು ಶಿಲ್ಪಾ ಹುಟ್ಟಿದ್ದು ಪೌಂಡಿಗೆ ಹನ್ನೆರಡು ನೈರಾ ಆದಾಗ. ಅತ್ತೆ ತೀರಿಕೊಂಡದ್ದು ಮೂವತ್ತರಲ್ಲಿ. "ಅಷ್ಟು ಚಿಕ್ಕ ವಯಸ್ಸಿಗಾ?" ಎಂದು ನಾನು ಪೆದ್ದಿಯ ಹಾಗೆ ಕೇಳಿ ಬೈಸಿಕೊಂಡಿದ್ದೆ.

ಕಾಪುವಿನ ಕಡೆಯವರು, ಮದುವೆಯಾಗಿ ನೈಜೀರಿಯಾದ ಲಾಗೋಸಿಗೆ ಹೋದವರು. ನೈರಾ ಅಲ್ಲಿನ ದುಡ್ಡು. ಗಂಡ ಜಗನ್ನಾಥಣ್ಣ ಅಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಾರ್ಖಾನೆಯ ಮಾಲೀಕರು ಲಂಡನ್ನಿನವರಾದ್ದರಿಂದ ಇವರ ಮನೆಯಲ್ಲೂ ಎಲ್ಲದಕ್ಕೂ ಪೌಂಡಿನದೇ ಲೆಕ್ಕ. ಮಗಳ ಬಾಣಂತನಕ್ಕೆಂದು ಕೆನಡಾದ ಸ್ಟ್ರೀಟ್ಸ್‌ವಿಲ್ಲಿಗೆ ಬಂದ ರತ್ನಕ್ಕ ಮೊಮ್ಮಗನನ್ನು ಬಿಟ್ಟು ಹೋಗಲಾರದೆ ಇಲ್ಲೇ ಉಳಿದರು. ಮೈಸೂರಿನವಳಾದ ನಾನು ಆ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಬೆಳಗಿನ ಚಹಾ ಮೇಲೆಯೇ ಆಗಬೇಕು ಎಂಬುದು ಅವರ ಕಟ್ಟಪ್ಪಣೆ.

ಒಲೆಯ ಪಕ್ಕ ಉಪ್ಪಿನಕಾಯಿ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿ ದರ ನೋಡದೆ ಅವರು ಹಾಲು ಕಾಯಿಸಿದವರಲ್ಲ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ, ಒಮ್ಮೆ ಹವಾಮಾನ ನೋಡಿ ಎಂದು ನಾನು ರೇಗಿಸಿದರೆ, "ಹಿಮ ಬಿದ್ರೆ ಕರಗ್ತದೆ. ನೈರಾ ಬಿದ್ರೆ ಏಳ್ತದಾ?" ಎನ್ನುತ್ತಿದ್ದರು. ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಒಮ್ಮೆ ಕರೆದುಕೊಂಡು ಹೋಗಿದ್ದೆ. ಗಣಪತಿಯ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಏನು ಬೇಡಿಕೊಂಡಿರಿ ಅಂದೆ. "ಇನ್ನೂರೈವತ್ತು," ಅಂದರು. ಪೌಂಡಿಗೆ ಅಷ್ಟೇ ನೈರಾ ಆಗಲಿ ಎಂದು! ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಜಗನ್ನಾಥಣ್ಣ ನಿವೃತ್ತರಾಗಿದ್ದರು. ಇಲ್ಲಿಗೆ ಬರುವ ಕಾಗದಪತ್ರವೆಲ್ಲ ಸಿದ್ಧವಿತ್ತು. ಆದರೆ ಅಷ್ಟು ವರ್ಷದ ದುಡಿಮೆ ನೈರಾ ಆಗಿ ಲಾಗೋಸಿನಲ್ಲಿ ಕೂತಿತ್ತು. ಬ್ಯಾಂಕಿನ ದರ ಪೌಂಡಿಗೆ ಮುನ್ನೂರರ ಒಳಗೆ, ಆದರೆ ಬ್ಯಾಂಕಿನಲ್ಲಿ ಪೌಂಡೇ ಇಲ್ಲ. ಬೀದಿಯ ಕಾಳಸಂತೆಯಲ್ಲಿ ಬೇಕಾದಷ್ಟು ಪೌಂಡು, ದರ ಮಾತ್ರ ಐನೂರರ ಹತ್ತಿರ. ಬೀದಿಯಲ್ಲಿ ಕೊಂಡರೆ ಹೆಚ್ಚುಕಡಿಮೆ ಅರ್ಧ ಹೋದಂತೆಯೇ. ಹಾಗಾಗಿ ಅಣ್ಣ ಕಾಯುತ್ತಿದ್ದರು. ಒಂದಕ್ಕೊಂದು ಇದ್ದ ಕಾಲ ಕಂಡವರಿಗೆ ಅದೊಂದು ರೋಗ. ಹಳೇ ದರ ಇವತ್ತಲ್ಲ ನಾಳೆ ವಾಪಸು ಬಂದೇ ಬರುತ್ತದೆ ಎಂಬ ನಂಬಿಕೆ. ಅದರ ಜೊತೆಗೆ ನಿಜವಾದ ರೋಗವೂ ಅವರ ಎದೆಯಲ್ಲಿತ್ತು. ಆಪರೇಷನ್ ಮುಂದೂಡಬೇಡಿ ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು.

ದಿನಾ ಬೆಳಿಗ್ಗೆ ಅವರ ಫೋನು, ಸ್ಪೀಕರಿನಲ್ಲಿ. "ಏತ್?" ಅನ್ನುವುದೇ ಮೊದಲ ಮಾತು. ಎಷ್ಟು ಅಂತ. ದರದ ವಿಷಯದಲ್ಲಿ ಅವರಿಗೆ ಹೆಂಡತಿಯ ಮಾತೇ ವೇದ. ಅವರದು ತುಳು ಮಾತುಕತೆ; ಕೇಳಿ ಕೇಳಿ ನನಗೂ ಅರ್ಥವಾಗುತ್ತಿತ್ತು. ಆ ಒಂದು ಪದಕ್ಕೂ ಅವರಿಗೆ ಉಸಿರು ಸಾಲದೆ ಹೋಗುವುದು ಮಾತ್ರ ಯಾವ ಭಾಷೆಯವರಿಗೂ ತಿಳಿಯುವಂತಿತ್ತು.

೨೦೧೬ರ ಜೂನಿನಲ್ಲಿ ಅಲ್ಲಿನ ಸರ್ಕಾರ ಅಷ್ಟು ದಿನ ಹಿಡಿದಿಟ್ಟ ಬ್ಯಾಂಕಿನ ದರವನ್ನು ಬಿಟ್ಟುಬಿಟ್ಟಿತು. ನೈರಾ ಕುಸಿಯಿತು. ಆ ಬೆಳಿಗ್ಗೆ ರತ್ನಕ್ಕ ಫೋನನ್ನು ಮತ್ತೆ ಮತ್ತೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಷ್ಟರಲ್ಲಿ ಫೋನು ಬಂತು.

"ಏತ್?"

"ನೋಡ್ಲಿಲ್ಲ."

"ನೀನಾ? ನೋಡ್ಲಿಲ್ಲವಾ?"

"ಇನ್ನು ನೋಡುವುದೂ ಇಲ್ಲ. ಶನಿವಾರಕ್ಕೆ ಟಿಕೆಟ್ ಮಾಡಿಸ್ತೇನೆ. ಬೀದಿಯಲ್ಲಿ ಎಷ್ಟು ಸಿಕ್ತದೋ ಅಷ್ಟು ತಕೊಳ್ಳಿ. ಸಿಗದಿದ್ರೆ ಅಲ್ಲೇ ಬಿಟ್ಟು ಬನ್ನಿ."

"ಇಷ್ಟು ವರ್ಷದ ದುಡಿಮೆ ರತ್ನಾ. ಸ್ವಲ್ಪ ಕಾದ್ರೆ..."

"ಕಾದ್ರೆ ಬರ್ತದೆ ಅಂತ ನಿಮಗೆ ಹೇಳಿಕೊಟ್ಟವಳೇ ನಾನು! ಹನ್ನೆರಡಿದ್ದಾಗ ಕಾಯುವ ಅಂದೆ. ಮೂವತ್ತಿದ್ದಾಗ ಕಾಯುವ ಅಂದೆ. ಬಂತಾ? ನನಗೆ ನೈರಾ ಬೇಡ, ಪೌಂಡೂ ಬೇಡ. ನೀವು ಬನ್ನಿ."

ಅತ್ತ ಕಡೆ ಏದುಸಿರು ಮಾತ್ರ ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತು.

ಶನಿವಾರದವರೆಗೆ ಮತ್ತೆ ಫೋನು ಬರಲಿಲ್ಲ. ಇವರು ಮಾಡಿದರೆ ಎತ್ತಲಿಲ್ಲ. ಕೋಪವೋ, ಆಸ್ಪತ್ರೆಯೋ, ಇನ್ನೇನೋ. "ಮಮ್ಮಿ, ಹಿ ವಿಲ್ ಕಮ್," ಎಂದು ಶಿಲ್ಪಾ ಹೇಳುತ್ತಲೇ ಇದ್ದಳು, ಅವಳ ಮುಖವೇ ಅದನ್ನು ನಂಬಿರಲಿಲ್ಲ. ರತ್ನಕ್ಕ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಭಾನುವಾರ ಏರ್‌ಪೋರ್ಟಿಗೆ ಕಾರು ಓಡಿಸಿದವಳು ನಾನು. ಆ ವಿಮಾನದ ಜನವೆಲ್ಲ ಹೊರಗೆ ಬಂದು, ಅಪ್ಪಿಕೊಂಡು, ಹೊರಟೂ ಹೋದರು. ಬಾಗಿಲು ತೆರೆದಾಗಲೆಲ್ಲ ಕಂಬಿ ಹಿಡಿದ ರತ್ನಕ್ಕನ ಕೈ ಬಿಗಿಯಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಒಂದು ವ್ಹೀಲ್‌ಚೇರು ಬಂತು. ಅದರಲ್ಲಿ ಸೊರಗಿದ ಮನುಷ್ಯರೊಬ್ಬರು, ತೊಡೆಯ ಮೇಲೆ ಒಂದೇ ಒಂದು ಚೀಲ. ಹತ್ತಿರ ಬಂದವರೇ ಹೆಂಡತಿಯ ಮುಖ ನೋಡಿ, "ಏತ್?" ಅಂದರು. ರತ್ನಕ್ಕ ಅಷ್ಟು ಜನರ ಎದುರಿಗೇ ಅವರ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆಪರೇಷನ್ ಆಯಿತು. ಅಣ್ಣ ಮೊಮ್ಮಗನ ಕೈ ಹಿಡಿದು ಕ್ವೀನ್ ಸ್ಟ್ರೀಟಿನಲ್ಲಿ ಸುತ್ತುವಷ್ಟಾದರು. ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಶಿಲ್ಪಾ ಮನೆ ಮಾರಿ ನ್ಯೂಮಾರ್ಕೆಟ್ಟಿಗೆ ಹೋದಳು, ಅವಳೊಂದಿಗೆ ರತ್ನಕ್ಕನೂ.

ನಾನು ಕೆಲಸ ಬದಲಿಸಿ ದೂರದೂರಿಗೆ ಹೊರಡುವ ಮುಂಚೆ ಅಲ್ಲಿಗೆ ಹೋಗಿ ಬಂದೆ. ಅದೇ ಕೊನೆಯ ಭೇಟಿ. ಅಷ್ಟು ದಿನದಿಂದ ನಾಲಿಗೆ ತುದಿಯಲ್ಲಿದ್ದ ಪ್ರಶ್ನೆಯನ್ನು ಅವತ್ತು ತಡೆಯಲಾರದೆ ಕೇಳಿಯೇಬಿಟ್ಟೆ. "ಅಣ್ಣ ಕೊನೆಗೆ ಯಾವ ದರಕ್ಕೆ ಕೊಟ್ಟು ಬಂದ್ರು ರತ್ನಕ್ಕ?"

"ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ," ಅಂದರು. ಚಹಾ ಸೋಸಿ ನನ್ನ ಮುಂದಿಟ್ಟರು. "ಅಷ್ಟೂ ನೈರಾಕ್ಕೆ ಎರಡು ವರ್ಷ ಸಿಕ್ಕಿತು ಮಾರಾಯ್ತಿ. ಮೊದಲೇ ಕೊಟ್ಟಿದ್ರೆ ಇನ್ನೂ ನಾಲ್ಕು ಸಿಕ್ತಿತ್ತೋ ಏನೋ."