ಮಲಗಿದವರಿಗಾಗಿ ಕಟ್ಟಿದ ಗುಡಿ

ಕಳೆದ ವಾರ ಜಾವಗಲ್ಲಿನ ಅಂಗಡಿಯೊಂದರಲ್ಲಿ ಹರಳೆಣ್ಣೆ ಅಳೆದು ಕೊಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಹೋದ ಸಾಮಾನು ಮರೆತು ಬರಿಗೈಯಲ್ಲಿ ಹೊರಗೆ ಬಂದೆ. ಬಸ್ಸಿನಲ್ಲಿ ಎರಡು ಸಲ ಸೀಟು ಬದಲಾಯಿಸಿದೆ. ಎಲ್ಲಿ ಕೂತರೂ ಛತ್ರದಮ್ಮನ ಎಣ್ಣೆಗೈಯೇ ಕಣ್ಣೆದುರು...

ಅರಸೀಕೆರೆಯ ಒಂದು ಹಳೆಯ ಛತ್ರದಲ್ಲಿ ದಿಕ್ಕಿಲ್ಲದ ಮುದುಕರೂ ಹಾಸಿಗೆ ಹಿಡಿದವರೂ ಇರುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ಆಕೆ. ತೊಂಬತ್ತರ ದಶಕದ ಕೊನೆಯಲ್ಲಿ ಛತ್ರದ ರಿಪೇರಿ ನನ್ನ ಪಾಲಿಗೆ ಬಂತು. ನಾನಾಗ ಹೊಸ ಓವರ್‌ಸಿಯರ್. ಟೇಪು ಕೈಗೆ ಬಂದದ್ದೇ ಮಹಾ ಬುದ್ಧಿವಂತನಾಗಿಬಿಟ್ಟಿದ್ದೆ.

ಪಡಸಾಲೆಗೆ ಎದುರಾಗಿ, ಪುಟ್ಟ ಅಂಗಳದಾಚೆ, ಒಂದು ಗುಡಿ. ಬೇಲೂರು, ಹಳೇಬೀಡು ನೋಡಿ ಬೆಳೆದ ನನಗೆ ಕತ್ತೆತ್ತಿ ನೋಡುವುದೇ ಅಭ್ಯಾಸ. ಇಲ್ಲಿ ಹಾಗೆ ನೋಡಲು ಏನೂ ಇರಲಿಲ್ಲ. ಬೋಳು ಗೋಡೆ, ಗಿಡ್ಡ ಬಾಗಿಲು, ನೆಲಕ್ಕೆ ಸಮನಾದ ಹೊಸ್ತಿಲು. ಛತ್ರದಮ್ಮ ಹಚ್ಚುವ ಹರಳೆಣ್ಣೆ ದೀಪವೂ ನೆಲದ ಕಲ್ಲಿನಲ್ಲೇ ಕೊರೆದ ಗುಣಿಯಲ್ಲಿ ಉರಿಯುತ್ತಿತ್ತು. ಮಳೆ ಬಂದರೆ ಅಂಗಳದ ನೀರು ಸೀದಾ ಒಳಗೆ. ಕಟ್ಟಿದವರಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನಕ್ಕು, ಗೇಣೆತ್ತರದ ಹೊಸ ಹೊಸ್ತಿಲು ಕೂರಿಸಲು ಹೇಳಿದೆ.

"ಬ್ಯಾಡಿ ಸ್ವಾಮಿ," ಎಂದರು ಛತ್ರದಮ್ಮ. "ಮಲಗಿರೋರಿಗೆ ದೀಪ ಕಾಣಾಕಿಲ್ಲ. ಒಂದ್ಸಲ ಮಲಗಿ ನೋಡಿ."

ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ನೆಲದ ಮೇಲೆ ಮಲಗುವುದೇ? ನಿಂತುಕೊಂಡೇ ಅಳೆದೆ, ನಿಂತುಕೊಂಡೇ ಕಲ್ಲು ಕೂರಿಸಿದೆ. ಒಳಗೆ ನೀರು ಬರುವುದು ತಪ್ಪಿತು. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ.

ಎರಡು ವರ್ಷದ ಮೇಲೆ ಆಕೆ ಬಿದ್ದು ಸೊಂಟ ಮುರಿದುಕೊಂಡರೆಂದು ತಿಳಿದು ನೋಡಲು ಹೋದೆ. ಮಟಮಟ ಮಧ್ಯಾಹ್ನ. ಅದೇ ಪಡಸಾಲೆಯಲ್ಲಿ, ಉಳಿದವರ ಸಾಲಿನಲ್ಲೇ ಚಾಪೆಯ ಮೇಲೆ ಮಲಗಿದ್ದರು. ಮುಖ ಗುಡಿಯ ಕಡೆಗಿತ್ತು.

"ಬಂದ್ರಾ ಸ್ವಾಮಿ? ದೀಪ ಉರೀತೈತಾ, ವಸಿ ನೋಡಿ ಹೇಳಿ. ಯಾರ್ನ ಕೇಳಿದ್ರೂ ಹೂಂ ಅಂತಾರೆ."

ಹೋಗಿ ನೋಡಿದೆ. ಗುಣಿ ಒಣಗಿತ್ತು. ಬತ್ತಿಯೇ ಇರಲಿಲ್ಲ, ಜೇಡ ಬಲೆ ಕಟ್ಟಿತ್ತು. ಮೊದಲೆಲ್ಲ ದೀಪ ಮಂಕಾದರೆ ಮಲಗಿದವರೇ ಕೂಗಿ ಹೇಳುತ್ತಿದ್ದರು, ಯಾರಾದರೂ ಓಡಿಬಂದು ಎಣ್ಣೆ ಹಾಕುತ್ತಿದ್ದರು. ನನ್ನ ಕಲ್ಲು ಅಡ್ಡ ಬಂದ ಮೇಲೆ ಕೂಗುವವರಿಗೆ ಕಾಣುವುದೇ ನಿಂತುಹೋಗಿತ್ತು. ಆಕೆ ಓಡಾಡುವಷ್ಟು ದಿನ ತಾವೇ ಹಚ್ಚಿದ್ದರು. ಆಮೇಲೆ ಯಾರೂ ಹಚ್ಚಿರಲಿಲ್ಲ.

"ಉರೀತಿದೆ ಅಮ್ಮ," ಎಂದೆ.

"ಅಂಗಾದ್ರೆ ಸರಿ ಬಿಡಿ," ಎಂದು ಆ ಕಲ್ಲಿನ ಕಡೆಗೇ ಕೈ ಮುಗಿದರು.

ಆಗಲೇ ಹೋಗಿ ಎಣ್ಣೆ, ಬತ್ತಿ ತರಬಹುದಿತ್ತು. ನಾಚಿಕೆಯಾಗಿ, ಬಸ್ಸಿನ ನೆಪ ಹೇಳಿ ಹೊರಟುಬಿಟ್ಟೆ. ನಾಳೆ ಹೋಗೋಣ, ನಾಡಿದ್ದು ಕಲ್ಲುಕುಟಿಗನನ್ನೇ ಕರೆದುಕೊಂಡು ಹೋಗೋಣ... ಹದಿನೈದು ದಿನಕ್ಕೆ ಆಕೆ ತೀರಿಕೊಂಡ ಸುದ್ದಿ ಬಂತು.

ಜಾವಗಲ್ಲಿನಿಂದ ಬಂದ ಮೇಲೆ ಮನಸ್ಸು ತಡೆಯದೆ ನಿನ್ನೆ ಛತ್ರಕ್ಕೆ ಹೋಗಿದ್ದೆ. ಪಡಸಾಲೆಯ ತುಂಬ ಮದುವೆಯ ಕುರ್ಚಿಗಳನ್ನು ಪೇರಿಸಿದ್ದಾರೆ. ನನ್ನ ಖರ್ಚಿನಲ್ಲೇ ಆ ಹೊಸ್ತಿಲು ತೆಗೆಸುತ್ತೇನೆ ಎಂದೆ. ಬೀಗದ ಕೈ ಹಿಡಿದಿದ್ದವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ಈಗ್ಯಾಕ್ ಸಾರ್? ಇಲ್ಲಿ ಯಾರು ಮಲಗ್ತಾರೆ?"

ಅವನು ಹೇಳಿದ್ದೂ ಸರಿಯೇ. ಯಾರೂ ಇಲ್ಲ. ಅಮ್ಮ, ಅವತ್ತು ದೀಪ ಉರಿಯುತ್ತಿರಲಿಲ್ಲ ಎಂದು ಹೇಳೋಣವೆಂದರೆ, ಅವರೂ ಇಲ್ಲ.