ಕಾರಿನಡಿಯ ಕೆಂಪು ಕಲೆ

ಇವತ್ತು ಬೆಳಿಗ್ಗೆ ಹರಿವೆ ಗಿಡಗಳಿಗೆ ನೀರು ಹಾಕಿದೆ, ಕುಚ್ಚಲಕ್ಕಿ ತೊಳೆದು ಒಲೆಗಿಟ್ಟೆ, ನಿನ್ನೆ ಒಣಗದೆ ಉಳಿದ ಬಟ್ಟೆಗಳನ್ನು ಮತ್ತೊಮ್ಮೆ ಬಿಸಿಲಿಗೆ ಹರಡಿದೆ, ಹುಳ ಹಿಡಿದ ಹೆಸರುಕಾಳನ್ನು ಗೆರಸೆಯಲ್ಲಿ ಕೇರಿದೆ. ಹತ್ತು ಗಂಟೆಗೆ ನಮ್ಮ ಹಳೆಯ ಕಾರನ್ನು ಕುಂದಾಪುರದ ಗ್ಯಾರೇಜಿಗೆ ಒಯ್ದು, ಪವರ್ ಸ್ಟೇರಿಂಗಿನ ಸೋರುವ ಹೋಸ್ ಪೈಪು ಬದಲಾಯಿಸುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದೆ. ಮೆಕ್ಯಾನಿಕ್ ಹಳೆಯ ಪೈಪನ್ನು ಬಿಚ್ಚಿ ತಂದು, ಕಬ್ಬಿಣದ ತುದಿ ರಬ್ಬರನ್ನು ಕಚ್ಚಿಕೊಂಡ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದನ್ನು ತೋರಿಸಿದ. ಅದರೊಳಗಿಂದ ಕೆಂಪು ಎಣ್ಣೆಯ ಒಂದು ಹನಿ ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಬಿದ್ದು ಮೆಲ್ಲಗೆ ಹರಡಿತು. ಸೀದ ಬೆಲ್ಲಕ್ಕೆ ಸೀಮೆಎಣ್ಣೆ ತಾಗಿದಂಥ ಆ ವಾಸನೆ ಮೂಗಿಗೆ ಬಂದದ್ದೇ, ಗ್ಯಾರೇಜಿನ ಸದ್ದೆಲ್ಲ ನೀರಿನೊಳಗಿಂದ ಕೇಳುವಂತಾಗಿ, ನಾನು ಒಂಬತ್ತು ವರ್ಷದವಳಾಗಿ ಹೆಮ್ಮಾಡಿಯ ಅಜ್ಜಿಮನೆಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದೆ.

ಅಮ್ಮನಿಗೆ ಬೈಂದೂರಿನ ಶಾಲೆಯಲ್ಲಿ ಕೆಲಸ. ನಾನು ಬೆಳೆದದ್ದು ಅಜ್ಜಿಯ ಹತ್ತಿರ. ಆ ವರ್ಷ ಮಾವ ಬೊಂಬಾಯಿಯ ಹೋಟೆಲು ಕೆಲಸ ಬಿಟ್ಟು ಬರುವಾಗ, ಧಣಿ ಹತ್ತು ವರ್ಷ ಓಡಿಸಿ ಬಿಟ್ಟುಕೊಟ್ಟ ಒಂದು ಉದ್ದನೆಯ ಬಿಳಿ ಕಾರನ್ನೂ ತಂದಿದ್ದರು. ಅದರ ದೊಡ್ಡಸ್ತಿಕೆ ಸ್ಟೇರಿಂಗಿನದು. ದಾರಿಯಲ್ಲಿ ಹೋಗುವವರನ್ನೆಲ್ಲ ಮಾವ ಕರೆದು ಕೂರಿಸುತ್ತಿದ್ದರು: "ಹ್ವಾಯ್, ಬನಿ ಕಾಂಬ, ಒಂದೇ ಬೆರ್ಳಂಗೆ ತಿರ್ಗತ್ತ್!" ಜನ ಬೆರಳಿಟ್ಟು ತಿರುಗಿಸಿ, ನಾಲಿಗೆ ಚಪ್ಪರಿಸಿ ಹೋಗುತ್ತಿದ್ದರು. ಅಜ್ಜಿಗೆ ಅದೇ ಹೆದರಿಕೆ. "ಅಷ್ಟ್ ಹೇಳ್ಬ್ಯಾಡಾ ಮಾಣಿ, ಕಣ್ಣ್ ತಾಗತ್ತ್" ಎನ್ನುತ್ತಿದ್ದರು. ಒಂದು ಶುಕ್ರವಾರ ಸಂಜೆ ತಟ್ಟೆಯಲ್ಲಿ ಅರಿಶಿನ ಸುಣ್ಣ ಕದಡಿ ಕುರ್ದಿ ನೀರು ಮಾಡಿ, ಕಾರಿಗೆ ಮೂರು ಸುತ್ತು ಆರತಿ ತೆಗೆದು, ಆ ಕೆಂಪು ನೀರನ್ನು ಮುಂದಿನ ಗಾಲಿಯ ಬುಡಕ್ಕೆ ಚೆಲ್ಲಿದರು. ಮದುಮಕ್ಕಳಿಗೆ, ಬಾಣಂತಿಗೆ ತೆಗೆಯುವ ಆರತಿ. ಕಾರಿನ ಕನ್ನಡಿಯಲ್ಲಿ ದೀಪದ ಎರಡು ಕುಡಿಗಳು ತೇಲಿದ್ದು ನನಗಿನ್ನೂ ಕಾಣುತ್ತದೆ. ಆಮೇಲೆ ದಿನವೂ ಬೆಳಿಗ್ಗೆ, ಸಗಣಿ ಸಾರಿಸಿದ ಅಂಗಳದಲ್ಲಿ, ಗಾಲಿಯ ಹತ್ತಿರ ಕೈಯಗಲದ ಕೆಂಪು ಕಲೆ ಇರುತ್ತಿತ್ತು. ಮಾವನ ಹೆಂಡತಿ ಸರೋಜತ್ತೆ ಅದನ್ನು ದಾಟಿ ರಂಗೋಲಿ ಹಾಕುತ್ತಿದ್ದರು. ಮೆಟ್ಟಬಾರದೆಂದು ನಾನೂ ಸುತ್ತು ಬಳಸಿ ಶಾಲೆಗೆ ಹೋಗುತ್ತಿದ್ದೆ.

ಬಾರ್ಕೂರಿನಲ್ಲಿ ಅಜ್ಜಿಯ ಅಕ್ಕ ಇದ್ದರು, ನಮಗೆ ದೊಡ್ಡಜ್ಜಿ. ಮಂಡಿನೋವಿನ ಅಜ್ಜಿ ಬಸ್ಸಿನ ಮೆಟ್ಟಿಲು ಹತ್ತಲಾರದೆ ನಾಲ್ಕು ವರ್ಷದಿಂದ ಅಲ್ಲಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ದೊಡ್ಡಜ್ಜಿಗೆ ಮರೆವು ಕವಿದು, ಸೊಸೆಯನ್ನೇ ಯಾರೆಂದು ಕೇಳುವ ಹಾಗಾಗಿತ್ತು. ಒಂದು ಬೆಳಿಗ್ಗೆ ಎದುರಿನ ಅಂಗಡಿಗೆ ಆ ಸೊಸೆಯ ಫೋನ್ ಬಂತು. ದೊಡ್ಡಜ್ಜಿ ಎದ್ದವರೇ, "ಕಾವೇರಿ ಎಲ್ಲಿ?" ಎಂದು ಅಜ್ಜಿಯ ಹೆಸರು ಹಿಡಿದು ಕೇಳಿದ್ದರಂತೆ. ಇಂಥ ತಿಳಿವು ಒಂದು ದಿನ ಇದ್ದರೆ ಇತ್ತು, ನಾಳೆಗೆ ಹೇಳಲಾಗದು, ಇವತ್ತೇ ಬನ್ನಿ ಎಂದರು. ಅಜ್ಜಿ ಉಟ್ಟ ಸೀರೆಯಲ್ಲೇ ಹೊರಟರು. ಮುಂದೆ ಮಾವ, ಅತ್ತೆ. ಹಿಂದೆ ಅಜ್ಜಿ, ನಾನು.

ತಲ್ಲೂರು ದಾಟುವಾಗ ಕಾರಿನ ಹೊಟ್ಟೆಯಿಂದ ಕರು ಕೂಗಿದಂಥ ಸದ್ದು ಬಂತು. ಒಂದು ಬೆರಳಿಗೆ ತಿರುಗುತ್ತಿದ್ದ ಸ್ಟೇರಿಂಗು ಎರಡು ಕೈಗೂ ಬಗ್ಗಲಿಲ್ಲ. ಮಾವ ಹೇಗೋ ರಸ್ತೆ ಬದಿಯ ವಾಸುವಿನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಅಜ್ಜಿ ಕಿಟಕಿಯಿಂದ ಬಗ್ಗಿ ನೋಡಿ, "ಇಲ್ಲಿ ಯಾರ್ ಕುರ್ದಿ ತೆಗ್ದದ್ ಕಾರಿಗೆ?" ಎಂದು ಕೇಳಿದರು. ಗಾಲಿಯ ಬುಡದಲ್ಲಿ ಹೊಸ ಕೆಂಪು ಕಲೆ. ವಾಸು ಬೆರಳು ಅದ್ದಿ ಮೂಸಿದ.

"ಕುರ್ದಿ ಅಲ್ಲ ಅಮ್ಮ, ಆಯಿಲ್. ಎಷ್ಟ್ ದಿನದಿಂದ ಬೀಳ್ತಿತ್ತ್?"

"ಎಂತದ್ ಬೀಳೂದ್?" ಮಾವ ರೇಗಿದರು. "ಅದ್ ಅಬ್ಬಿ ಚೆಲ್ಲೂ ನೀರ್."

"ನಾನ್ ಚೆಲ್ದದ್ ಒಂದೇ ಶುಕ್ರವಾರ ಮಾಣಿ. ಮತ್ತೆ ಸರೋಜ ತೆಗೀತ್ಳ್ ಅಂದ್ಕಂಡಿದ್ದೆ" ಎಂದರು ಅಜ್ಜಿ.

"ನಾನಾ? ನೀವೇ ದಿನಾ ತೆಗೂದ್ ಅಂದೇಳಿ ನಾನ್ ಸುಮ್ನಿದ್ದೆ ಅತ್ತೆ."

ವಾಸು ನಗು ತಡೆಯಲಾರದೆ ಬಾನೆಟ್ಟಿನೊಳಗೆ ತಲೆ ಹಾಕಿದ. "ನಿಮ್ ಮನಿ ಆರ್ತಿ ಭಾರೀ ಜೋರ್ ಮಾರ್ರೆ, ಆಯಿಲ್ ಡಬ್ಬಿ ಪೂರಾ ಖಾಲಿ!"

ಸೈಕಲ್ ಟ್ಯೂಬಿನ ಪಟ್ಟಿಯನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ಎಣ್ಣೆ ತುಂಬಿಸಿ ನೋಡಿದ. ಎಂಜಿನ್ ಶುರುವಾದದ್ದೇ ಪಟ್ಟಿ ಉಬ್ಬಿ, ಎಣ್ಣೆ ಚಿಮ್ಮಿ ಅವನ ಅಂಗಿಯೆಲ್ಲ ಕೆಂಪಾಯಿತು. ಇದು ಕಟ್ಟಿದರೆ ನಿಲ್ಲುವ ಸೋರಿಕೆಯಲ್ಲ, ಒಳಗೆ ಒತ್ತಡ ಇದೆ, ಉಡುಪಿಗೆ ಒಯ್ದು ಹೊಸ ರಬ್ಬರಿಗೆ ಕಬ್ಬಿಣದ ತುದಿ ಒತ್ತಿಸಿ ತರಬೇಕು, ಎರಡು ದಿನ ಬೇಕು ಎಂದ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ರಸ್ತೆಯನ್ನೇ ನೋಡುತ್ತಿದ್ದರು. ಮಾವ ಅದನ್ನು ಕಂಡರು. "ಪೈಪ್ ಇಲ್ದೆ ಓಡೂಕಾತ್ತಾ?" ಎಂದು ಕೇಳಿದರು. ಎಣ್ಣೆ ತಳ್ಳುವ ಪಂಪಿನ ಬೆಲ್ಟು ಬಿಚ್ಚಿದರೆ ಓಡೀತು, ಆದರೆ ಸ್ಟೇರಿಂಗು ಕಲ್ಲಾಗುತ್ತದೆ ಎಂದ ವಾಸು. "ಬಿಚ್ಚ್" ಎಂದರು ಮಾವ.

ಆ ಪ್ರಯಾಣ ನನ್ನ ಮನಸ್ಸಿನಲ್ಲಿ ಕನಸಿನ ಹಾಗೆ ಉಳಿದಿದೆ, ನಿಧಾನಕ್ಕೆ, ಬಹಳ ಬೆಳಕಿನಲ್ಲಿ. ನೇರ ರಸ್ತೆಯಲ್ಲಿ ಕಾರು ತೇಲಿಕೊಂಡು ಹೋಗುತ್ತಿತ್ತು. ಕೋಟದ ಗದ್ದೆಗಳು, ಸಾಲಿಗ್ರಾಮದ ಪೇಟೆ, ತೆಂಗಿನ ಮರಗಳ ನೆರಳು ಅಜ್ಜಿಯ ಮುಖದ ಮೇಲೆ ಒಂದೊಂದಾಗಿ ಹಾದು ಹೋಗುತ್ತಿದ್ದವು. ತಿರುವು ಬಂದಾಗ ಮಾತ್ರ ಮಾವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಬ್ರಹ್ಮಾವರದಲ್ಲಿ ಬಾರ್ಕೂರಿನ ಕಡೆಗೆ ಹೊರಳುವಾಗ ಅವರೊಬ್ಬರ ಕೈಯಲ್ಲಿ ಆಗಲೇ ಇಲ್ಲ. ಅತ್ತೆ ಬಳೆಗಳನ್ನು ಮೇಲಕ್ಕೆ ಸರಿಸಿ ತಾವೂ ಸ್ಟೇರಿಂಗು ಹಿಡಿದರು. ಒರಳು ತಿರುಗಿಸುವ ಹಾಗೆ ಇಬ್ಬರೂ ಸೇರಿ ಆ ಉದ್ದ ಕಾರನ್ನು ಹೊರಳಿಸಿದರು. "ನಿಮ್ ಒಂದ್ ಬೆರ್ಳ್ ಎಲ್ಲಿ ಹೋಯ್ತ್?" ಎಂದು ಅತ್ತೆ ಕೇಳಿದ್ದಕ್ಕೆ ಮಾವನಿಗೆ ಸಿಟ್ಟು ಮಾಡಲೂ ಉಸಿರಿರಲಿಲ್ಲ.

ದೊಡ್ಡಜ್ಜಿ ಜಗುಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅಜ್ಜಿ ಮೆಟ್ಟಿಲ ಕೆಳಗೇ ನಿಂತುಬಿಟ್ಟರು, ಗುರುತು ಹಿಡಿಯದಿದ್ದರೆ ಎಂಬ ಭಯಕ್ಕೋ ಏನೋ. ದೊಡ್ಡಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಕಾವೇರಿ ಅಲ್ದಾ? ಇಷ್ಟ್ ಹೊತ್ತ್ ಎಂತ ಮಾಡ್ತಿದ್ದೆ ಹೆಣ್ಣೆ?"

"ಕಾರ್ ಹಾಳಾಯ್ತ್ ಅಕ್ಕ."

"ನಡ್ಕಂಡ್ ಬಂದಿದ್ರೂ ಇಷ್ಟೊತ್ತಿಗೆ ಬತ್ತಿದ್ದೆ!"

ನಾಲ್ಕು ವರ್ಷದ ನಂತರ ಅಜ್ಜಿಗೆ ಸಿಕ್ಕ ಬೈಗುಳ ಅದು. ಅವರು ನಗುತ್ತ ಅಳುತ್ತ ಮೆಟ್ಟಿಲು ಹತ್ತಿದರು.

ವಾಸು ಪೈಪು ಒತ್ತಿಸಿ ತಂದು ಹಾಕಿದ. ಕಾರಿನಡಿಗೆ ಪೇಪರು ಹಾಸಿ ಅತ್ತೆ ಮೂರು ಬೆಳಿಗ್ಗೆ ಪರೀಕ್ಷೆ ಮಾಡಿದರು, ಒಂದು ಹನಿಯೂ ಇರಲಿಲ್ಲ. ತಿಂಗಳ ಮೇಲೆ ಮತ್ತೆ ಬಾರ್ಕೂರಿಗೆ ಹೋದಾಗ ದೊಡ್ಡಜ್ಜಿ ನಮ್ಮನ್ನು ಮರ್ಯಾದೆಯಿಂದ ಕೂರಿಸಿ, "ನೀವ್ ಯಾವ್ ಬದಿಯವ್ರ್?" ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಊರಿನ ಹೆಸರು ಮಾತ್ರ ಹೇಳಿದರು. ಈಗ ಆ ಇಬ್ಬರೂ ಇಲ್ಲ, ಮಾವನೂ ಇಲ್ಲ. ಅತ್ತೆ ಮಗಳ ಮನೆಯಲ್ಲಿದ್ದಾರೆ. ಹೆಮ್ಮಾಡಿಯ ಆ ಅಂಗಳ ಅಗಲವಾದ ರಸ್ತೆಯೊಳಗೆ ಸೇರಿ ಹೋಗಿದೆ. ಅದರ ಮೇಲಿಂದ ದಿನವೂ ನೂರಾರು ಕಾರುಗಳು ನೇರವಾಗಿ ಹೋಗುತ್ತವೆ, ನಾನೂ ಹೋಗುತ್ತೇನೆ.

ಕಾರು ಕೆಟ್ಟ ಆ ದಿನ ಮಧ್ಯಾಹ್ನ ಬಾರ್ಕೂರಿನಲ್ಲಿ ನಾವು ಉಂಡದ್ದು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ. ಸ್ಟೇರಿಂಗು ಹಿಡಿದು ಸೋತ ಮಾವನ ಬೆರಳುಗಳಲ್ಲಿ ತುತ್ತು ನಿಲ್ಲುತ್ತಿರಲಿಲ್ಲ, ಅತ್ತೆ ಗಂಜಿಯನ್ನು ಲೋಟಕ್ಕೆ ಹೊಯ್ದು ಕೊಟ್ಟರು. ಉಂಡಾದ ಮೇಲೆ ಅಕ್ಕ ತಂಗಿ ಒಂದೇ ಚಾಪೆಯ ಮೇಲೆ ಉರುಳಿಕೊಂಡು, ಸತ್ತವರದ್ದು ಬದುಕಿದವರದ್ದೆಲ್ಲ ಪಿಸುಮಾತಿನಲ್ಲಿ ವಿಚಾರಿಸಿಕೊಂಡರು. ಮೊದಲು ನಿದ್ದೆ ಹೋದದ್ದು ದೊಡ್ಡಜ್ಜಿ, ಮಾತಿನ ಅರ್ಧದಲ್ಲಿ. ಅಜ್ಜಿ ಮಾತ್ರ ಕಣ್ಣು ಮುಚ್ಚಲಿಲ್ಲ, ಆ ಮುಖವನ್ನೇ ನೋಡುತ್ತ ಮಲಗಿದ್ದರು.