ನನ್ನ ಹುಬ್ಬಿನ ಮೇಲೆ ನಿಂತ ಗಾಯನ

ನಮ್ಮ ಮನೆಯಲ್ಲಿ ಬೆಲ್ಲ ಒಡೆಯುವುದಕ್ಕೆ ಒಂದು ಹಿತ್ತಾಳೆಯ ಹಥೋಡಿ ಇದೆ. ಅಂಗೈಯಷ್ಟುದ್ದದ ಸುತ್ತಿಗೆ. ಅದು ಹುಟ್ಟಿದ್ದು ತಬಲಾ ಶ್ರುತಿ ಮಾಡುವುದಕ್ಕೆ. ನಮ್ಮ ಶರಣಪ್ಪ ಕಾಕಾನದು. ಕಾಕಾ ಹೋದ ಮೇಲೆ ತಬಲಾ ಯಾರ ಪಾಲಾಯಿತೋ, ಅದರ ಜೋಡಿ ಡಗ್ಗಾ ಎಲ್ಲಿ ಉರುಳಿತೋ, ಹಥೋಡಿ ಮಾತ್ರ ನಮ್ಮ ವಾಡಿಯ ಮನೆಗೆ ಬಂದು ಅಡುಗೆಮನೆ ಸೇರಿತು. ಸಂಗೀತದ ಸಾಮಾನಿಗೆ ಇಂಥ ಗತಿ ಬಂದಿತಲ್ಲ ಎಂದು ನೀವು ಮರುಗಬೇಡಿ. ಹೋಳಿಗೆಯ ಹೂರಣಕ್ಕಿಂತ ದೊಡ್ಡ ಸಂಗೀತ ಕಾಕಾನ ಲೆಕ್ಕದಲ್ಲೂ ಇರಲಿಲ್ಲ.

ಮೊನ್ನೆ ಸೊಸೆ ನಿರ್ಮಲಾ ಬೆಲ್ಲ ಒಡೆಯುತ್ತಿದ್ದಳು. ನಾನು ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹಥೋಡಿ ಎತ್ತಿದ್ದು ಕಂಡಿತು, ಬಿದ್ದದ್ದು ಕಂಡಿತು, ಒಂದು ಚೂರು ಹಾರಿ ನನ್ನ ಪಾದದ ಹತ್ತಿರ ಬಂದದ್ದೂ ಕಂಡಿತು. ಸಪ್ಪಳ ಮಾತ್ರ ಬರಲಿಲ್ಲ.

ಕಿವಿ ಹೋಗುತ್ತಿದೆ ಎಂಬುದು ನನಗೆ ಬಹಳ ದಿನಗಳಿಂದ ಗೊತ್ತಿತ್ತು. ಮನೆಯವರಿಗೆ ಗೊತ್ತಿರಲಿಲ್ಲ. ಮುಚ್ಚಿಡುವ ವಿದ್ಯೆ ಕಠಿಣವೇನಲ್ಲ. ನಾಲ್ಕು ಮಂದಿ ನಕ್ಕಾಗ ನಗಬೇಕು, ಯಾರಾದರೂ ಮಾತು ಮುಗಿಸಿ ಮುಖ ನೋಡಿದರೆ "ಭಾಳ ಛಲೋ ಆತು" ಅನ್ನಬೇಕು. ಹೋದ ವಾರ ಪಕ್ಕದ ಮನೆಯಾತ ಬಂದು ತನ್ನ ಎಮ್ಮೆ ಸತ್ತ ಸುದ್ದಿ ಹೇಳಿದನಂತೆ. ನಾನು ಭಾಳ ಛಲೋ ಆತು ಅಂದೆ. ಆಮೇಲಿಂದ ಅವರ ಮನೆಯಿಂದ ಮಜ್ಜಿಗೆ ಬರುವುದು ನಿಂತಿದೆ. ಎಮ್ಮೆ ಇಲ್ಲದ್ದಕ್ಕೋ, ನನ್ನ ಮಾತಿಗೋ, ನಾನು ಕೇಳಲು ಹೋಗಿಲ್ಲ.

ಆದರೆ ಮೊಮ್ಮಗಳು ಅಕ್ಷತಾಳ ಮುಂದೆ ಈ ವಿದ್ಯೆ ನಡೆಯುವಂತಿರಲಿಲ್ಲ. ಅವಳು ಹಾಡು ಕಲಿಯುತ್ತಿದ್ದಾಳೆ. ಬರುವ ವಾರ ಕಲಬುರಗಿಯಲ್ಲಿ ಸ್ಪರ್ಧೆ. ದಿನಾ ಸಂಜೆ ನನ್ನ ಪಕ್ಕ ಕೂತು ಹಾಡಿ, "ಮುತ್ಯಾ, ಸ್ವರ ಎಲ್ಲಿ ಜಾರಲಿಕತ್ತದ ಹೇಳು" ಅನ್ನುತ್ತಿದ್ದಳು. ಒಂದು ಕಾಲದಲ್ಲಿ ದೊಡ್ಡವರ ಹಿಂದೆ ತಂಬೂರಿ ಹಿಡಿದು ಕೂತವನು ಎಂದು ಈ ಮನೆಯಲ್ಲಿ ನಾನೇ ಸಂಗೀತದ ಪಂಡಿತ. ನಾನು "ಭೇಷ್" ಅನ್ನುತ್ತಿದ್ದೆ. ಮರುದಿನವೂ ಭೇಷ್. ನನ್ನ ಈ ಭೇಷ್ ನಂಬಿಕೊಂಡು ಆ ಹುಡುಗಿ ವೇದಿಕೆ ಏರುವವಳಿದ್ದಾಳೆ ಎಂಬ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತ್ತು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡೆ. ಈ ಹೆದರಿಕೆಯನ್ನು ಹಿಂದೆ ಒಮ್ಮೆ ಬೇರೊಬ್ಬರ ಮುಖದಲ್ಲಿ ನೋಡಿದ್ದೆನಲ್ಲ ಎಂದು ಆಗ ನೆನಪಾಯಿತು.

ನನ್ನ ಹರೆಯದಲ್ಲಿ ಈ ಸೀಮೆಯ ಹಾಡು-ಬಜಾವಣೆಯನ್ನೆಲ್ಲ ನಾನು ಕಾಕಾನ ಬೆನ್ನಿಗೆ ಬಿದ್ದು ಕೇಳಿದೆ. ಸೇಡಂನ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವ ಒಬ್ಬ ಮುದುಕನಿದ್ದ. ಬೀಗರು ಊಟಕ್ಕೆ ಎದ್ದು ಹೋದ ಮೇಲೆ, ಖಾಲಿ ಪೆಂಡಾಲಿನಲ್ಲಿ ತನಗಾಗಿ ಊದಿಕೊಳ್ಳುತ್ತಿದ್ದ. ನಾವು ಊಟ ಬಿಟ್ಟು ಅದಕ್ಕಾಗಿ ಕಾಯುತ್ತಿದ್ದೆವು. ಚಿಂಚೋಳಿ ಕಡೆಯಿಂದ ಬರುತ್ತಿದ್ದ ಒಬ್ಬ ಹಾಡುಗಾರ್ತಿ ಕನ್ನಡದ ಪದವನ್ನು ತೆಲುಗಿನ ರಾಗದಲ್ಲಿ ಎಳೆದರೆ ಎರಡೂ ಭಾಷೆಯವರು ತಮ್ಮದೇ ಎಂದು ತಲೆದೂಗುತ್ತಿದ್ದರು. ಶಹಾಬಾದಿನ ಕವ್ವಾಲಿಯವರ ಚಪ್ಪಾಳೆ, ನಾಲವಾರದ ಮಠದ ಭಜನೆ, ಎಲ್ಲದಕ್ಕೂ ಪ್ಯಾಸೆಂಜರ್ ಗಾಡಿ ಹತ್ತಿ ಹೋಗುವುದು. ಗಾಡಿಯಲ್ಲಿ ಕಾಕಾ ಮೊಳಕಾಲ ಮೇಲೆ ಬೆರಳು ಬಡಿಯುತ್ತ, "ಗಾಡಿ ಗಾಲಿ ಮೂರು ತಾಲಾ ಹೇಳಲಿಕತ್ತದ, ನೀ ಒಂದಾದರೂ ಹಿಡಿ" ಅನ್ನುವನು. ನಾನು ಒಂದನ್ನೂ ಹಿಡಿದವನಲ್ಲ.

ಎಲ್ಲರಿಗಿಂತ ಮೇಲೆ ಕಾಕಾನಿಗೆ ಒಬ್ಬ ಬುವಾ ಇದ್ದರು. ಶಾಸ್ತ್ರೀಯ ಹಾಡುವ ಹಿರಿಯರನ್ನು ನಮ್ಮ ಕಡೆ ಬುವಾ ಅನ್ನುತ್ತಾರೆ. ಇವರು ಧಾರವಾಡದ ಕಡೆಯವರು. ದನಿ ಎಂಥದೆಂದು ಹೇಳಲಿ? ಕೇಳುತ್ತಿದ್ದರೆ ಬೇಸಗೆಯಲ್ಲಿ ಹೊಸ ಗಡಿಗೆಯ ನೀರು ಕುಡಿದಂತಾಗುತ್ತಿತ್ತು. ಸಿಟ್ಟು ಎಂಥದೆಂದು ಕೇಳುತ್ತೀರಾ? ಸೇಡಂನಲ್ಲಿ ಒಬ್ಬ ಅಡಕತ್ತರಿಯಿಂದ ಅಡಿಕೆ ಕತ್ತರಿಸಿದನೆಂದು ಎದ್ದುಹೋಗಿದ್ದರು. ಚಿತ್ತಾಪುರದಲ್ಲಿ ಮುಂದಿನ ಸಾಲಿನ ಸಾಹುಕಾರ ಗಡಿಯಾರ ನೋಡಿದನೆಂದು ತಂಬೂರಿ ಕೆಳಗಿಟ್ಟಿದ್ದರು. ಆ ಬುವಾ ಒಮ್ಮೆ, ಆಗ ನಾವಿದ್ದ ರಾವೂರಿಗೆ ಬರಲು ಒಪ್ಪಿದರು. ಮಠದ ಅಂಗಳದಲ್ಲಿ ಮುಂಜಾನೆಯ ಗಾಯನ.

ಮುಂಜಾನೆ ಯಾಕೆಂದರೆ, ರಾವೂರು ಕಲ್ಲಿನ ಖಣಿಯ ಊರು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಖಣಿಯ ಭೋಂಗಾ ಕೂಗುತ್ತದೆ. ಎಚ್ಚರಿಕೆಯ ಸೈರನ್ನು ಅದು. ಕೂಗಿದ ಸ್ವಲ್ಪ ಹೊತ್ತಿಗೆ ಕಲ್ಲು ಸಿಡಿಸುವ ಮದ್ದು ಹಾರಿಸುತ್ತಾರೆ. ಭೋಂಗಾ ಕೇಳಿದೊಡನೆ ಊರಿನ ಹೆಣ್ಣುಮಕ್ಕಳು ಮಾಡದ ಮೇಲಿನ ಗಡಿಗೆ ಇಳಿಸುತ್ತಾರೆ, ಇದ್ದವರು ಇದ್ದಲ್ಲೇ ಎರಡೂ ಕಿವಿ ಮುಚ್ಚಿ ಬಾಯಿ ತೆರೆಯುತ್ತಾರೆ. ಬಾಯಿ ತೆರೆದರೆ ಕಿವಿಯ ತಮಟೆ ಒಡೆಯುವುದಿಲ್ಲವಂತೆ. ತೊಟ್ಟಿಲ ಕೂಸಿನ ಕಿವಿಯನ್ನು ತಾಯಿ ಮುಚ್ಚುತ್ತಾಳೆ. ನಮಗದು ಆಕಳಿಸಿದಷ್ಟು ಸಹಜ. ಗಾಯನ ಭೋಂಗಾಕ್ಕಿಂತ ಮೊದಲೇ ಮುಗಿಯಬೇಕೆಂಬುದು ಹಿರಿಯರ ಏರ್ಪಾಡು. ಬುವಾರಿಗೆ ಈ ಭೋಂಗಾದ ಸಂಗತಿ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಸೂರ್ಯ ಹುಟ್ಟುತ್ತಾನೆ ಎಂದು ಬೀಗರಿಗೆ ಯಾರಾದರೂ ಹೇಳುತ್ತಾರೆಯೇ?

ಗಾಡಿ ತಡವಾಯಿತು. ಸಾಲದ್ದಕ್ಕೆ ಬುವಾರ ತಬಲಜಿ ಜ್ವರ ಬಂದು ವಾಡಿ ಸ್ಟೇಷನ್ನಿನಲ್ಲೇ ಮಲಗಿಬಿಟ್ಟ. ಊರವರು ಕಾಕಾನ ಹೆಸರು ಹೇಳಿದರು.

ಕಾಕಾ ಅಂದು ಬೆಳ್ಳಗಾದ. ಖಣಿಯಲ್ಲಿ ಅವನ ಕೆಲಸವೇ ಮದ್ದು ತುಂಬುವುದು, ಅಂದು ಗಾಯನಕ್ಕೆಂದು ರಜೆ ಹಾಕಿದ್ದ. ಎಡಗಿವಿ ಪೂರಾ ಹೋಗಿತ್ತು, ಬಲಗಿವಿಯಲ್ಲಿ ಒಂದಿಷ್ಟು ಜೀವ ಉಳಿದಿತ್ತು. ಇದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಭಜನೆಯಲ್ಲಿ ಹಾಡು ರೂಢಿಯದು, ಹೇಗೋ ಸಾಗುತ್ತಿತ್ತು. ಊರಿಗೆ ತಿಳಿದರೆ ತಬಲಾದ ಮುಂದೆ ಅವನನ್ನು ಯಾರೂ ಕೂಡಿಸುವವರಿರಲಿಲ್ಲ. ತಬಲಾ ಬಿಟ್ಟರೆ ಅವನಿಗೆ ಬೇರೆ ಹೆಂಡತಿ-ಮಕ್ಕಳಿರಲಿಲ್ಲ.

"ಒಲ್ಲೆ ಅನ್ನು ಕಾಕಾ" ಎಂದು ಅವನ ಬಲಗಿವಿಗೆ ಬಾಯಿ ಹಚ್ಚಿ ಹೇಳಿದೆ.

"ಒಲ್ಲೆ ಅನ್ಲಿಕ್ಕ ನಾಲಿಗಿ ಏಳವಲ್ದೋ. ಅವರ ಹಾಡು ಕೇಳಲಿಕ್ಕ ಎಲ್ಲೆಲ್ಲಿಗಿ ಹೋಗೀನಿ ನೀನೇ ನೋಡೀದಿ. ಈಗ ಮನಿ ಬಾಗಲಿಗಿ ಬಂದಾರ. ಕಿವಿ ಇಲ್ಲಂದ್ರ ಕೈ ಅವಲ್ಲ."

"ಲಯ ಬದಲಾದ್ರ ಹ್ಯಾಂಗ ತಿಳಿತದ?"

"ನೀ ತಂಬೂರಿ ಹಿಡದು ಅವರ ಹಿಂದ ಕುಂದ್ರು. ಅವರು ಲಯ ಏರಿಸಿದ್ರ ಹುಬ್ಬು ಏರಿಸು. ತಡಿ ಅಂದ್ರ ಗಂಟು ಹಾಕು. ನಿನ್ನ ಹುಬ್ಬೇ ನನ್ನ ಕಿವಿ, ತಿಳೀತಾ?"

ಹೀಗೆ ನನ್ನ ಸಂಗೀತ ಜೀವನ ಆರಂಭವಾದದ್ದು ಹುಬ್ಬಿನಿಂದ. ಹಥೋಡಿಯಿಂದ ತಬಲಾದ ಅಂಚು ಬಡಿಯುತ್ತ ಕಾಕಾ ಓರೆಗಣ್ಣಿನಲ್ಲಿ ನನ್ನನ್ನು ನೋಡಿದ. ಶ್ರುತಿ ಕೂಡಿತೆಂದಾಗ ಕಣ್ಣು ಮುಚ್ಚಿ ತೆರೆದೆ. ತಬಲಾದವನು ಗಾಯಕರ ಬಲಕ್ಕೆ ಕೂಡುವುದು ಪದ್ಧತಿ. ಹಾಗೆ ಕೂತಾಗ ಅವನ ಸತ್ತ ಎಡಗಿವಿಯೇ ಬುವಾರ ಪಾಲಿಗೆ ಬಂತು.

ಬುವಾ ಕಣ್ಣು ಮುಚ್ಚಿ ತೋಡಿ ರಾಗ ಎತ್ತಿಕೊಂಡರು. ನಿಧಾನದ ಲಯ. ಕಾಕಾನ ಠೇಕಾ ಎತ್ತು ಹೆಜ್ಜೆಯಿಟ್ಟಂತೆ ಸಾಗಿತು. ಬುವಾ ಸುತ್ತಿ ಸುಳಿದು ತಾಳದ ಮೊದಲ ಪೆಟ್ಟಿಗೆ ಬಂದು ಇಳಿದಾಗ ಅಂಗಳವೆಲ್ಲ ಉಸಿರು ಬಿಟ್ಟಿತು. ಎಡಕ್ಕೆ ಹಾರ್ಮೋನಿಯಂ ಪೇಟಿಗೆ ಕೂತಿದ್ದ ಮಲ್ಲಣ್ಣ, ಕುಹಕಕ್ಕೆ ಹೆಸರಾದವನು, ಅವನು ಕೂಡ ಕಾಕಾನ ಕಡೆ ನೋಡಿ ತಲೆದೂಗಿದ.

ನಾನು ಮಾತ್ರ ಬೇವಿನ ಮರದ ನೆರಳನ್ನು ನೋಡುತ್ತಿದ್ದೆ. ಅದು ಬುಡದ ಕಡೆಗೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅಂಗಳದ ಮಂದಿಯೂ ಒಬ್ಬೊಬ್ಬರಾಗಿ ಅದನ್ನೇ ನೋಡತೊಡಗಿದರು. ಇವತ್ತೊಂದಿಷ್ಟು ತಡೆಯಿರಿ ಎಂದು ಕೇಳಲು ಒಬ್ಬ ಮೆಲ್ಲನೆ ಎದ್ದು ಸೈಕಲ್ ಹತ್ತಿ ಖಣಿಗೆ ಓಡಿದ. ತಿರುಗಿ ಬಂದವನು ಬಾಗಿಲಲ್ಲೇ ನಿಂತು ಕೈಯಾಡಿಸಿದ: ಆಗುವುದಿಲ್ಲ. ಕಲ್ಲಿನ ತೂತಿಗೆ ಮದ್ದು ತುಂಬಿದ ಮೇಲೆ ಹಾರಿಸದೆ ಬಿಡುವಂತಿಲ್ಲ, ಅದು ಎಲ್ಲರಿಗೂ ತಿಳಿದದ್ದೇ. ಬುವಾರಿಗೆ ಹೇಳಬೇಕು. ಹೇಳುವವರು ಯಾರು? ಗಡಿಯಾರ ನೋಡಿದ್ದಕ್ಕೆ ಎದ್ದವರು ಅವರು. ಎದ್ದರೆ ಮಾತು ಬರುವುದು ತಬಲಾದವನ ಮೇಲೆಯೇ. ನನ್ನ ಬೆರಳು ತಂತಿಯ ಮೇಲೆ ಬೆವರುತ್ತಿತ್ತು. ಕಾಕಾ ನನ್ನ ಹುಬ್ಬಿನ ಮೇಲೆ ಕಣ್ಣಿಟ್ಟು ನಿಶ್ಚಿಂತೆಯಿಂದ ನುಡಿಸುತ್ತಿದ್ದ.

ಬುವಾ ಮೇಲಿನ ಷಡ್ಜಕ್ಕೆ ಏರಿ ನಿಂತರು. ಅದೇ ಹೊತ್ತಿಗೆ ಭೋಂಗಾ ಕೂಗಿತು.

ನೋಡಿ, ರೂಢಿ ಎನ್ನುವುದು ಮನುಷ್ಯನ ಬುದ್ಧಿಯನ್ನು ಕೇಳುವುದಿಲ್ಲ. ಇಡೀ ಅಂಗಳ, ಸ್ವಾಮಿಗಳಿಂದ ಹಿಡಿದು ಕಂಕುಳ ಕೂಸಿನವರೆಗೆ, ಎರಡೂ ಕಿವಿ ಮುಚ್ಚಿ ಬಾಯಿ ತೆರೆಯಿತು. ಬುವಾ ಕಣ್ಣು ಬಿಟ್ಟರು. ತಮ್ಮ ಷಡ್ಜಕ್ಕೆ ಊರಿಗೆ ಊರೇ ಕಿವಿ ಮುಚ್ಚಿ ಕೂತಿದೆ! ದನಿ ಕತ್ತರಿಸಿದಂತೆ ನಿಂತಿತು. ಮಲ್ಲಣ್ಣನ ಪೇಟಿ ನಿಂತಿತು. ನಾನು ತಂಬೂರಿ ಬಿಡಲಾರದೆ ಎಡಭುಜಕ್ಕೆ ಒಂದು ಕಿವಿಯನ್ನು ಒತ್ತಿ, ಬಾಯಿ ಅಗಲ ತೆರೆದೆ. ಬಾಯಿ ಅಗಲ ತೆರೆದರೆ ಹುಬ್ಬು ಎಲ್ಲಿಗೆ ಹೋಗುತ್ತದೆ? ನೀವೇ ಒಮ್ಮೆ ತೆರೆದು ನೋಡಿ.

ಕಾಕಾ ನನ್ನ ಏರಿದ ಹುಬ್ಬು ನೋಡಿದ. ಲಯ ಏರಿಸಿದ. ಹಾಡಿಲ್ಲದ, ಪೇಟಿಯಿಲ್ಲದ, ಉಸಿರಿಲ್ಲದ ಆ ಅಂಗಳದಲ್ಲಿ ಅವನೊಬ್ಬನೇ ಸಂತೋಷದಿಂದ, ಕುತ್ತಿಗೆ ಕುಣಿಸುತ್ತ, ಜೋರಾಗಿ ನುಡಿಸಿದ. ಬುವಾ ಮೆಲ್ಲಗೆ ಅವನ ಕಡೆ ತಿರುಗಿದರು.

ಆಗ ಮದ್ದು ಹಾರಿತು. ಕೆಳಗಿನ ಹಾಸುಗಲ್ಲು ನಡುಗಿತು, ಮಠದ ಮಾಳಿಗೆಯಿಂದ ಮಣ್ಣು ಉದುರಿತು, ಪಾರಿವಾಳ ಎದ್ದವು. ಕಲ್ಲಿನ ನಡುಕ ತೊಡೆಗೆ ತಾಗಿದ ಮೇಲೆ ಕಾಕಾ ತಲೆ ಎತ್ತಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಅವನ ಕೈ ತಬಲಾದ ಮೇಲೆ ಸತ್ತಂತೆ ಬಿತ್ತು.

"ತಬಲಜಿ, ಭೋಂಗಾ ಕೇಳಸಲಿಲ್ಲೇನು?" ಬುವಾ ಕೇಳಿದರು.

ಕಾಕಾನ ಎಡಗಿವಿಗೆ ಬಿದ್ದ ಮಾತು. ನನ್ನ ಹುಬ್ಬು ನೋಡಿದ. ಅವನ ನೋಟದ ಬೆನ್ನು ಹಿಡಿದು ಬುವಾ ಕೂಡ ತಿರುಗಿ ನನ್ನ ಹುಬ್ಬು ನೋಡಿದರು. ನನ್ನ ಹುಬ್ಬಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮಲ್ಲಣ್ಣ ನಕ್ಕ. "ಅವನಿಗಿ ಕೇಳಸಬೇಕಂದ್ರ ಕಿವ್ಯಾಗೇ ಮದ್ದು ತುಂಬಬೇಕ್ರಿ ಬುವಾ! ಈಗ ತಿಳೀತು, ಭಜನ್ಯಾಗ ನಾ ನಿಲ್ಲು ಅಂದ್ರೂ ಯಾಕ ನಿಲ್ತಿದ್ದಿಲ್ಲಂತ."

ಅಂಗಳದಲ್ಲಿ ನಗೆ ಎದ್ದಿತು. ಕಾಕಾ ಹಥೋಡಿಯನ್ನು ಎತ್ತಿ ಗವಸಣಿಗೆಯೊಳಗೆ ಇಡತೊಡಗಿದ. ಮುಗಿಯಿತು ಎಂದುಕೊಂಡೆ. ಆಗ ಹೆಣ್ಣುಮಕ್ಕಳ ಸಾಲಿನಿಂದ ನಮ್ಮ ಆಯಿ, ಕಾಕಾನ ತಾಯಿ, ಎದ್ದು ನಿಂತಳು.

"ಯಪ್ಪಾ, ನಿಮ್ಮ ಹಾಡಿಗಿ ಕಿವಿ ಮುಚ್ಚಿಲ್ರಿ ನಾವು. ಖಣಿ ಹಾರತದಂತ ಮುಚ್ಚೀವಿ, ಸಿಟ್ಟಾಗಬ್ಯಾಡ್ರಿ. ಆ ನನ್ನ ಮಗ ಇಷ್ಟು ವರ್ಷ ಆ ಮದ್ದೇ ತುಂಬ್ಯಾನ. ಹಂಗಾಗಿ ಅವನ ಕಿವಿ ಹೋಗ್ಯಾವ. ಬೈಯೋದಿದ್ರ ನನಗ ಬೈರಿ."

ಬುವಾ ಬೈಯಲಿಲ್ಲ. ಏಳಲೂ ಇಲ್ಲ. ಒಂದು ಗಳಿಗೆ ಕಾಕಾನ ಬೆರಳುಗಳನ್ನು ನೋಡಿದರು. ಆಮೇಲೆ ತಾವು ಕೂತ ಜಮಖಾನೆಯನ್ನು ಎರಡೂ ಕೈಯಿಂದ ಹಿಡಿದು, ಕೂತಲ್ಲೇ ಸರಿಯುತ್ತ, ಪೂರಾ ಕಾಕಾನ ಕಡೆಗೆ ತಿರುಗಿ ಕೂತರು. ಅವನ ಮೊಣಕಾಲಿಗೆ ಇವರ ಮೊಣಕಾಲು ತಾಗುವಷ್ಟು ಹತ್ತಿರ. ಹಥೋಡಿಯನ್ನು ಗವಸಣಿಗೆಯಿಂದ ತೆಗೆದು ಅವನ ಕೈಗೆ ಕೊಟ್ಟರು. ತಮ್ಮ ತೊಡೆಯ ಮೇಲೆ ಅಂಗೈಯಿಂದ ತಾಳ ತೋರಿಸುತ್ತ, ಕತ್ತು ಹೊರಳಿಸಿ ನನಗೆ ಹೇಳಿದರು:

"ತಂಬೂರಿಯವರ, ಇನ್ನ ನಿಮ್ಮ ಹುಬ್ಬಿಗೆ ರಜಾ ಕೊಡ್ರಿ. ಭಾಳ ದಣದಾವ."

ಆ ದಿನ ರಾವೂರಿನ ಮಂದಿಗೆ ಬುವಾರ ಅರ್ಧ ಮುಖವಷ್ಟೇ ಕಂಡಿತು. ಪೂರ್ತಿ ಮುಖ ಕಾಕಾನೊಬ್ಬನಿಗೆ. ಬುವಾರ ತುಟಿ, ಕುತ್ತಿಗೆಯ ನರ, ತೊಡೆಯ ಮೇಲೆ ಬೀಳುವ ಅಂಗೈ, ಇವನ್ನೇ ನೋಡುತ್ತ ಅವನು ನುಡಿಸಿದ. ನಡುವೆ ಎರಡು ಸಲ ತಪ್ಪಿದ. ಬುವಾ ಕಾದು ಕೂಡಿಸಿಕೊಂಡರು.

ಎಲ್ಲ ಸುಖವಾಯಿತು ಎಂದರೆ ಸುಳ್ಳಾದೀತು. ಆಮೇಲೆ ಕೆಲವು ಭಜನೆಯವರು ಕಾಕಾನನ್ನು ಕರೆಯುವುದು ಬಿಟ್ಟರು. ಕರೆದವರು ತಿರುಗಿ ಕೂತು ಹಾಡಿದರು. ಮಲ್ಲಣ್ಣನ ಕುಹಕ ನಿಲ್ಲಲಿಲ್ಲ, ಆದರೆ ಪೇಟಿಯನ್ನು ಕಾಕಾನ ಎದುರಿಗೇ ಇಟ್ಟುಕೊಂಡು ಕುಹಕವಾಡುತ್ತಿದ್ದ. ಅಂದು ಮನೆಗೆ ಬರುವಾಗ ಕಾಕಾ ಅಂದದ್ದು ಒಂದೇ ಮಾತು: "ಕಿವಿ ಹೋದದ್ದಕ್ಕಿಂತ ಅದನ್ನ ಹೊತ್ತು ತಿರಗೋದೇ ಭಾಳ ವಜ್ಜಿ ಆಗಿತ್ತು ನೋಡು."

ಬೆಲ್ಲದ ಚೂರು ಬಾಯಲ್ಲಿ ಕರಗಿತ್ತು. ಸಂಜೆ ನಾನು ಚಾಪೆಯ ಮೇಲೆ ಕೂತಿದ್ದಾಗ ಅಕ್ಷತಾ ಎಂದಿನಂತೆ ಪಕ್ಕದಲ್ಲಿ ಬಂದು ಕೂತಳು. ಹಾಡಿದಳು. ಮುಗಿಸಿ, ಏನೋ ಕೇಳಿದಳು. ನನ್ನ ಬಾಯಿ ಭೇಷ್ ಅನ್ನಲು ತಯಾರಾಗಿತ್ತು, ಹುಬ್ಬೂ ಅರ್ಧ ಏರಿತ್ತು.

"ಅಕ್ಕವ್ವಾ, ನನಗ ಕೇಳಸವಲ್ದು" ಅಂದೆ.

"ಇವತ್ತೇನು ಮುತ್ಯಾ?" ಅಂದಳು ಗಟ್ಟಿಯಾಗಿ.

"ಭಾಳ ದಿನ ಆತು. ನನ್ನ ಭೇಷ್ ನಂಬಬ್ಯಾಡ. ಸ್ವರ ಜಾರಿದ್ದು ನಿನಗ ಹಾಡು ಕಲಸೋ ಬಾಯಾರಿಗಿ ಕೇಳು, ಅವರು ಹೇಳ್ತಾರ."

ಹುಡುಗಿ ನನ್ನನ್ನೇ ನೋಡಿದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಅವಳ ತಾಯಿ ನಿರ್ಮಲಾಳ ಕೈಯೂ ನಿಂತಿತು. ನನಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೈ ಹಗುರಾಗಿ ಹಸಿವೆಯಾಯಿತು.

"ಹಂಗಾದ್ರ ನಿನ್ನ ಮುಂದ ಹಾಡಬ್ಯಾಡೇನು?" ಅಕ್ಷತಾ ಕೇಳಿದಳು. ಇದು ಕೇಳಿಸಿದ್ದೋ ತುಟಿಯಲ್ಲಿ ಕಂಡದ್ದೋ ಹೇಳಲಾರೆ.

"ಹಾಡು. ಬಾಜೂಕ ಕುಂದ್ರಬ್ಯಾಡ, ಎದುರಿಗಿ ಬಾ. ಮಾರಿ ಕಾಣಂಗ."

ಅವಳು ಚಾಪೆಯ ಅಂಚು ಹಿಡಿದು ಕೂತಲ್ಲೇ ಸರಿದು ತಿರುಗಿದಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಅಂಗೈಯನ್ನು ತೊಡೆಯ ಮೇಲಿಟ್ಟಳು, ಮೊದಲ ಪೆಟ್ಟಿಗೆ.